ಕತ್ತಿ ತಾಗುತ್ತದೆ, ತಾಗಿದಂತೆ ಅನಿಸುವುದಿಲ್ಲ: ಆಕ್ಷನ್ ಆಟದ ಕಾಳಗಕ್ಕೆ ರುಚಿ ಬರುವುದು ಎಲ್ಲಿಂದ?

ಕೋಟೆಬಾಗಿಲು (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಳೆದ ಏಳು ತಿಂಗಳಿಂದ ಬಿಡುವು ಸಿಕ್ಕಾಗಲೆಲ್ಲ ಗೋಡೋ ಎಂಜಿನ್ನಿನಲ್ಲಿ (ಆಟ ಕಟ್ಟುವ ತಂತ್ರಾಂಶ) ಒಂದು ಸಣ್ಣ ವಿಡಿಯೋ ಆಟವನ್ನು ಕಟ್ಟುತ್ತಿದ್ದೇನೆ. ನಮ್ಮೂರಿನ ಬಹಮನಿ ಕೋಟೆಯನ್ನು ಹೋಲುವ ಒಂದು ಕೋಟೆ, ಅದರೊಳಗೆ ಪಕ್ಕದಿಂದ ಕಾಣುವ ಕತ್ತಿಕಾಳಗ, ಹಿನ್ನೆಲೆಯಲ್ಲಿ ಹಲಗಿಯ ಬಡಿತ, ಆಟವೆಂದರೆ ಇಷ್ಟೇ. ನಾಯಕನಿಗೆ ನಾಲ್ಕು ಆಯುಧಗಳೂ ಹನ್ನೊಂದು ಬಗೆಯ ಹೊಡೆತಗಳೂ ಇವೆ. ಪ್ರತಿ ಹೊಡೆತದ ಚಿತ್ರಗಳನ್ನು ಕೈಯಿಂದಲೇ ಬರೆದಿದ್ದೇನೆ.

ಹೋದ ಭಾನುವಾರ ಗೆಳೆಯನೊಬ್ಬನ ಕೈಗೆ ಕಂಟ್ರೋಲರ್ ಕೊಟ್ಟೆ. ಅವನು ಹತ್ತು ನಿಮಿಷ ಆಡಿ, "ಚೆಂದ ಅದ, ಆದ್ರ ಸಪ್ಪ ಅದ" ಎಂದು ಹೇಳಿ, ಕಂಟ್ರೋಲರನ್ನು ಹಾಸಿಗೆಯ ಮೇಲಿಟ್ಟು ಮೊಬೈಲ್ ತೆಗೆದ. ಯಾವುದು ಕಡಿಮೆಯಾಗಿದೆ ಎಂದು ಎಷ್ಟು ಕೇಳಿದರೂ ಅವನಿಗೆ ಹೇಳಲಾಗಲಿಲ್ಲ, ನನಗೂ ತಿಳಿಯುತ್ತಿಲ್ಲ. ಇನ್ನೂ ನಾಲ್ಕು ಹೊಡೆತಗಳನ್ನು ಸೇರಿಸಿದರೆ ಸರಿಹೋದೀತೇ? ಅಥವಾ ಕಾಳಗದಲ್ಲಿ ಆಟಗಾರನನ್ನು ಹಿಡಿದು ಕೂರಿಸುವ ಸಂಗತಿಯೇ ಬೇರೆಯೇ?

ಬಿದರಿಕಪ್ಪು (ಬೀದರ್):

ಹೊಡೆತಗಳನ್ನು ಸೇರಿಸುವ ಮುನ್ನ ಈಗಿರುವುದರ ಲೆಕ್ಕ ಕೊಡಿ. ಬಟನ್ ಒತ್ತಿದ ಮೇಲೆ ಕತ್ತಿ ತಾಗುವುದಕ್ಕೆ ಎಷ್ಟು ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರ) ಹಿಡಿಯುತ್ತದೆ? ಶತ್ರು ಕೈ ಎತ್ತಿದ ಮೇಲೆ ಅವನ ಏಟು ಬೀಳುವುದಕ್ಕೆ ಎಷ್ಟು? ಏಟು ತಾಗಿದ ಗಳಿಗೆಯಲ್ಲಿ ಪರದೆಯ ಮೇಲೆ ಏನಾಗುತ್ತದೆ?

ಕೋಟೆಬಾಗಿಲು (ಕಲಬುರಗಿ):

ಆಟವು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತದೆ ಅಣ್ಣಾ. ನಾಯಕ ಕತ್ತಿಯನ್ನು ಹಿಂದಕ್ಕೆ ಎತ್ತುವುದಕ್ಕೆ 18 ಫ್ರೇಮ್ ಆಗುತ್ತದೆ, ಏಕೆಂದರೆ ಆ ಚಿತ್ರಗಳು ಬಹಳ ಚೆನ್ನಾಗಿ ಬಂದಿವೆ. ಶತ್ರುವಿಗೆ ಇರುವುದು 6 ಫ್ರೇಮ್. ಅವನು ಚುರುಕಾಗಿದ್ದರೆ ಆಟ ಕಠಿಣವಾಗುತ್ತದೆ ಎಂದುಕೊಂಡೆ. ಏಟು ತಾಗಿದಾಗ ಶತ್ರು ಒಮ್ಮೆ ಕೆಂಪಾಗಿ ಮಿನುಗುತ್ತಾನೆ, ಜೀವಪಟ್ಟಿ ಇಳಿಯುತ್ತದೆ.

ಬಿದರಿಕಪ್ಪು (ಬೀದರ್):

ಹಾಗಾದರೆ ನೀವು ಅಂಗಿಯನ್ನು ತಿರುವುಮುರುವಾಗಿ ತೊಟ್ಟಿದ್ದೀರಿ.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಸಾಮಾನ್ಯ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ನಿಮ್ಮ ಶತ್ರು ಕೈ ಎತ್ತಿದ 100 ಮಿಲಿಸೆಕೆಂಡಿಗೇ ಹೊಡೆದು ಮುಗಿಸುತ್ತಾನೆ. ಅವನನ್ನು ನೋಡಿ ತಪ್ಪಿಸಿಕೊಳ್ಳುವುದು ಯಾರಿಂದಲೂ ಆಗದ ಕೆಲಸ. ತಪ್ಪಿಸಿಕೊಂಡರೆ ಅದು ಅದೃಷ್ಟ, ಸಿಕ್ಕಿಬಿದ್ದರೆ ಅದು ಅನ್ಯಾಯ. ಆಟಗಾರ ಎರಡರಲ್ಲಿಯೂ ಏನನ್ನೂ ಕಲಿಯುವುದಿಲ್ಲ. ಇತ್ತ ನಾಯಕನ ಕತ್ತಿ ಬಟನ್ ಒತ್ತಿದ 300 ಮಿಲಿಸೆಕೆಂಡ್ ಆದ ಮೇಲೆ ತಾಗುತ್ತದೆ. ಆಟಗಾರನ ಮನಸ್ಸು ಆಗಲೇ ಮುಂದಿನ ಹೆಜ್ಜೆಗೆ ಹೋಗಿರುತ್ತದೆ, ಕತ್ತಿ ಹಿಂದಿನ ಅಪ್ಪಣೆಯನ್ನು ಪಾಲಿಸುತ್ತಿರುತ್ತದೆ.

ಯಾವ ಹೊಡೆತಕ್ಕಾದರೂ ಮೂರು ಘಟ್ಟಗಳಿವೆ: ತಯಾರಿ, ತಾಗುವ ಗಳಿಗೆ, ಚೇತರಿಕೆ. ಶತ್ರುವಿನ ತಯಾರಿ ಉದ್ದವಾಗಿರಬೇಕು, ದೊಡ್ಡದಾಗಿ ಕಾಣಬೇಕು, ಏಕೆಂದರೆ ಅದು ಆಟಗಾರನಿಗೆ ಕೇಳಿದ ಪ್ರಶ್ನೆ. ನಾಯಕನ ತಯಾರಿ ಗಿಡ್ಡವಾಗಿರಬೇಕು, ಏಕೆಂದರೆ ಪ್ರಶ್ನೆಯನ್ನು ಓದಿ ಆಟಗಾರ ಆಗಲೇ ಯೋಚಿಸಿದ್ದಾನೆ. ಉತ್ತರ ಕೂಡಲೇ ಹೊರಡಬೇಕು. ನಾಯಕನ ತೂಕವನ್ನು ತಯಾರಿಯಲ್ಲಿ ತೋರಿಸದೆ ಚೇತರಿಕೆಯಲ್ಲಿ ತೋರಿಸಿ. ಬೀಸಿದ ಮೇಲೆ ಅರೆಗಳಿಗೆ ಅವನು ತೆರೆದು ನಿಂತಿರಲಿ. ಆಗ ಬೀಸಬೇಕೇ ಬೇಡವೇ ಎನ್ನುವುದೇ ಒಂದು ತೀರ್ಮಾನವಾಗುತ್ತದೆ. ಸದ್ಯ ನಿಮ್ಮ ಆಟದಲ್ಲಿ ಹನ್ನೊಂದು ಹೊಡೆತಗಳಿದ್ದರೂ ಒಂದೇ ಒಂದು ತೀರ್ಮಾನವೂ ಇಲ್ಲ ಎಂದು ನನ್ನ ಅಂದಾಜು.

ಚಿತ್ರಗಳು ಚೆನ್ನಾಗಿ ಬಂದಿವೆ ಎಂಬ ಮಾತು ಅರ್ಥವಾಗುತ್ತದೆ. ಆದರೂ ಅವುಗಳಲ್ಲಿ ಹನ್ನೆರಡನ್ನಾದರೂ ಕಿತ್ತು ಹಾಕಿ. ನೋವಾಗುತ್ತದೆ, ಗೊತ್ತು.

ರೂಪಾಯಿಬಿಲ್ಲೆ (ಕಲಬುರಗಿ):

ತಮ್ಮಾ, ನಾನು ಫ್ರೇಮ್ ಲೆಕ್ಕ ಬಲ್ಲವನಲ್ಲ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಸೂಪರ್ ಮಾರ್ಕೆಟ್ ಹತ್ತಿರದ ವಿಡಿಯೋ ಗೇಮ್ ಅಂಗಡಿಗಳಲ್ಲಿ ತರಕಾರಿಗೆಂದು ಮನೆಯಲ್ಲಿ ಕೊಟ್ಟ ಚಿಲ್ಲರೆಯನ್ನು ಕಳೆದವನು. ಅಲ್ಲಿ ಎಲ್ಲರೂ ಆಡುತ್ತಿದ್ದುದು "ಮುಸ್ತಫಾ". ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಎಂಬುದು ನನಗೆ ತಿಳಿದದ್ದು ಮದುವೆಯಾಗಿ ಮಕ್ಕಳಾದ ಮೇಲೆ. ನಾಲ್ವರು ನಾಯಕರಲ್ಲಿ ಒಬ್ಬನ ಹೆಸರೇ ನಮ್ಮ ಕಡೆ ಇಡೀ ಆಟದ ಹೆಸರಾಗಿತ್ತು.

ಅದರಲ್ಲಿ ಇದ್ದುದು ಎರಡೇ ಬಟನ್, ಒಂದು ಹೊಡೆಯುವುದಕ್ಕೆ, ಇನ್ನೊಂದು ಹಾರುವುದಕ್ಕೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಸುತ್ತ ಮುತ್ತಿದವರೆಲ್ಲ ಉರುಳುತ್ತಿದ್ದರು, ಆದರೆ ಅದರ ಬೆಲೆಯಾಗಿ ನಮ್ಮದೇ ಜೀವ ಒಂದಿಷ್ಟು ಇಳಿಯುತ್ತಿತ್ತು. ಆ ಬೆಲೆಯೇ ಆಟದ ಪ್ರಾಣ ಎಂದು ಈಗ ಅನಿಸುತ್ತದೆ. ಜೇಬಿನಲ್ಲಿ ಒಂದೇ ರೂಪಾಯಿ ಉಳಿದಾಗ, ನಾಲ್ಕು ಜನ ಮೂಲೆಗೆ ಒತ್ತಿ ನಿಂತಾಗ, ಆ ಎರಡು ಬಟನ್ ಒಟ್ಟಿಗೆ ಒತ್ತಬೇಕೋ ಅಥವಾ ಒಬ್ಬನನ್ನು ಹಿಡಿದು ಉಳಿದವರ ಮೇಲೆ ಎಸೆಯಬೇಕೋ ಎಂದು ಹಿಂದೆ ನಿಂತ ಹತ್ತು ಹುಡುಗರು ನಮಗಿಂತ ಜೋರಾಗಿ ಚರ್ಚಿಸುತ್ತಿದ್ದರು. ನಿನ್ನ ಗೆಳೆಯನ ಹಿಂದೆ ಯಾರಾದರೂ ನಿಂತು ನೋಡಿದರೆ ಅವರಿಗೆ ಹೀಗೆ ಕೂಗಬೇಕು ಎನಿಸುತ್ತದೆಯೇ? ಅದನ್ನು ಪರೀಕ್ಷಿಸು.

ಇನ್ನೊಂದು ಮಾತು, ಏಟಿನ ಬಗ್ಗೆ. ಜಾತ್ರೆಯ ಕುಸ್ತಿ ನೋಡಿದ್ದೀಯಲ್ಲ? ಪೈಲ್ವಾನ ಎದುರಾಳಿಯನ್ನು ಎತ್ತಿ ಮಣ್ಣಿಗೆ ಹಾಕುವ ಮುನ್ನ ಅರೆಕ್ಷಣ ಹಾಗೇ ಹಿಡಿದು ನಿಲ್ಲುತ್ತಾನೆ. ಕಣದ ಸುತ್ತ ಕುಳಿತವರ ಕೂಗು ಏಳುವುದು ಬಿದ್ದಾಗ ಅಲ್ಲ, ಆ ಅರೆಕ್ಷಣದಲ್ಲಿ.

ಬಿದರಿಕಪ್ಪು (ಬೀದರ್):

ಏನನ್ನು ಕಂಡರೂ ಕುಸ್ತಿಗೆ ಹೋಲಿಸುವುದು ನಮ್ಮ ಕಡೆಯ ಹಳೆಯ ಚಾಳಿ, ಆದರೆ ಇಲ್ಲಿ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಆಟ ಕಟ್ಟುವವರು ಅದನ್ನು ಹಿಟ್‌ಸ್ಟಾಪ್ ಎನ್ನುತ್ತಾರೆ. ಕತ್ತಿ ತಾಗಿದ ಕೂಡಲೇ ಹೊಡೆದವನನ್ನೂ ತಿಂದವನನ್ನೂ ನಾಲ್ಕೈದು ಫ್ರೇಮ್ ಕಾಲ ಕದಲದಂತೆ ನಿಲ್ಲಿಸುತ್ತಾರೆ. ಐದು ಫ್ರೇಮ್ ಎಂದರೆ ಸುಮಾರು 83 ಮಿಲಿಸೆಕೆಂಡ್. ಅದು ನಿಂತದ್ದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಲೋಹಕ್ಕೆ ಏನೋ ಅಡ್ಡ ಬಂತು ಎಂದು ಕೈಗೆ ಗೊತ್ತಾಗುತ್ತದೆ. ಸಣ್ಣ ಏಟಿಗೆ ಮೂರು, ದೊಡ್ಡ ಏಟಿಗೆ ಎಂಟು, ಹೀಗೆ ಏರಿಳಿತ ಇಟ್ಟರೆ ಆಯುಧಗಳ ತೂಕ ತಾನೇ ಬೇರೆಯಾಗಿ ತೋರುತ್ತದೆ. ಕೆಂಪಾಗಿ ಮಿನುಗುವುದು ಬರೀ ಸೂಚನೆ. ಅದರಿಂದ ಏಟಾಯಿತೆಂದು ತಿಳಿಯುತ್ತದೆ, ಅಷ್ಟೇ. ಶತ್ರು ಹಿಂದಕ್ಕೆ ಸರಿಯಬೇಕು, ಅವನ ಭಂಗಿ ಮುರಿಯಬೇಕು, ಸದ್ದು ಅದೇ ಫ್ರೇಮಿನಲ್ಲಿ ಹೊರಡಬೇಕು.

ಭೀಮಾತೀರ (ಯಾದಗಿರಿ):

ನನ್ನದೊಂದು ತಕರಾರಿದೆ. ಇಲ್ಲಿ ಎಲ್ಲರೂ ಕಾಳಗವೆಂದರೆ ಬೆಲೆ, ಶಿಕ್ಷೆ, ತೀರ್ಮಾನ ಎಂದೇ ಮಾತನಾಡುತ್ತಿದ್ದೀರಿ. ನಾನು ದಿನವಿಡೀ ಅಂಗಡಿಯ ಲೆಕ್ಕಪತ್ರ ನೋಡಿ ರಾತ್ರಿ ಒಂದು ತಾಸು ಆಡುವವನು. ನನಗೆ ಡೈನಸ್ಟಿ ವಾರಿಯರ್ಸ್ ಬಗೆಯ ಆಟಗಳು ಇಷ್ಟ. ಒಂದೊಂದು ಬೀಸಿಗೆ ಇಪ್ಪತ್ತು ಜನ ಹಾರಿಬೀಳುತ್ತಾರೆ, ಅವರಲ್ಲಿ ಯಾರೂ ನನ್ನನ್ನು ಹೆಚ್ಚೇನೂ ಮಾಡಲಾರರು. ನಿಮ್ಮ ಲೆಕ್ಕದ ಪ್ರಕಾರ ಅದು ಸಪ್ಪೆಯಾಗಬೇಕಿತ್ತು, ಆದರೆ ಗದ್ದೆಯಲ್ಲಿ ಕಳೆ ಕಿತ್ತು ಸಾಲು ಸ್ವಚ್ಛವಾಗುತ್ತ ಹೋಗುವುದನ್ನು ನೋಡುವಾಗಿನ ಸಮಾಧಾನ ಅದರಲ್ಲಿದೆ. ಸುಸ್ತಾದವನಿಗೆ ಪರೀಕ್ಷೆ ಬೇಡ.

ಬಿದರಿಕಪ್ಪು (ಬೀದರ್):

ಒಪ್ಪುತ್ತೇನೆ, ಆದರೆ ಅಲ್ಲಿಯೂ ತೀರ್ಮಾನ ಇದೆ, ಅದರ ಜಾಗ ಮಾತ್ರ ಬೇರೆ. ಯಾವ ಸಿಪಾಯಿಯನ್ನು ಹೇಗೆ ಹೊಡೆಯಲಿ ಎಂಬುದರ ಬದಲು, ರಣರಂಗದ ಯಾವ ಮೂಲೆಗೆ ಈಗ ಓಡಲಿ, ಕುಸಿಯುತ್ತಿರುವ ನಮ್ಮ ದಳವನ್ನು ಕಾಯಲೋ, ಎದುರಿನ ದಂಡನಾಯಕನನ್ನು ಹುಡುಕಲೋ ಎಂಬುದು ಅಲ್ಲಿನ ಪ್ರಶ್ನೆ. ಕೋಟೆಬಾಗಿಲು ಅವರ ಆಟದಲ್ಲಿ ಓಡುವುದಕ್ಕೆ ಅಷ್ಟು ಬಯಲಿಲ್ಲ, ಒಬ್ಬೊಬ್ಬನೇ ಎದುರಾಗುತ್ತಾನೆ. ಹಾಗಾಗಿ ಆ ಒಬ್ಬನೇ ಆಸಕ್ತಿ ಹುಟ್ಟಿಸಬೇಕು.

ಭೀಮಾತೀರ (ಯಾದಗಿರಿ):

ಪೂರ್ತಿ ಒಪ್ಪಿಲ್ಲ, ಆದರೂ ಮುಂದುವರಿಸಿ.

ಸುರಪುರದವಳು (ಯಾದಗಿರಿ ಜಿಲ್ಲೆ):

ನಾನು ಹೆಚ್ಚಾಗಿ ಮೊಬೈಲಿನಲ್ಲಿ ಆಡುತ್ತೇನೆ. ಮೊಬೈಲಿನ ಕಾಳಗವನ್ನು ಜನ ಹಗುರವಾಗಿ ನೋಡುವುದರಿಂದ ಒಂದು ಉದಾಹರಣೆ ಕೊಡುತ್ತೇನೆ. ಶ್ಯಾಡೋ ಫೈಟ್ 2ರಲ್ಲಿ ಹೋರಾಡುವವರೆಲ್ಲ ಕಪ್ಪು ನೆರಳುಗಳು. ಮುಖವಿಲ್ಲ, ಬಟ್ಟೆಯ ಮಡಿಕೆಯಿಲ್ಲ. ಅದರಿಂದಲೇ, ಐದು ಇಂಚಿನ ಪರದೆಯ ಮೇಲೆ, ಬಿಸಿಲಿನಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದರೂ, ಎದುರಿನವನ ಮೊಣಕಾಲು ಮಡಿಯಿತೋ ಭುಜ ತಿರುಗಿತೋ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕೋಟೆಬಾಗಿಲು ಅವರು ಚಿತ್ರಗಳನ್ನು ಕೈಯಿಂದ ಬರೆದಿದ್ದಾರಂತೆ. ಎಲ್ಲ ಶತ್ರುಗಳಿಗೂ ಒಮ್ಮೆ ಕಪ್ಪು ಬಣ್ಣ ತುಂಬಿ ನೋಡಲಿ. ಆಗ ಯಾವ ಏಟು ಬರುತ್ತಿದೆ ಎಂದು ತಿಳಿಯದಿದ್ದರೆ, ಬಣ್ಣ ತುಂಬಿದ ಮೇಲೂ ತಿಳಿಯುವುದಿಲ್ಲ.

ಇನ್ನು ಅಣ್ಣನ ಪಿಸಿಯಲ್ಲಿ ಆಡಿದ ಸೆಕಿರೋ ಬಗ್ಗೆ. 2019ರಲ್ಲಿ ಬಂದ ಈ ಆಟವನ್ನು ಎಲ್ಲರೂ ಕಠಿಣವೆನ್ನುತ್ತಾರೆ. ನನಗೂ ಮೊದಲ ವಾರ ಬರೀ ಸೋಲು. ಆಮೇಲೆ ಒಂದು ದಿನ ಇದು ಕೋಲಾಟವೆಂದು ಹೊಳೆಯಿತು. ಚಿಕ್ಕಂದಿನಲ್ಲಿ ಊರ ಹಬ್ಬದಲ್ಲಿ ಕೋಲಾಟ ಆಡುವಾಗ ಎದುರಿನವಳ ಕೋಲಿನಿಂದ ತಪ್ಪಿಸಿಕೊಂಡವಳು ಬೈಸಿಕೊಳ್ಳುತ್ತಿದ್ದಳು. ಕೋಲಿಗೆ ಕೋಲು ಕೊಡಬೇಕು, ತಾಳದ ಮೇಲೆ ಕೊಡಬೇಕು. ಸೆಕಿರೋದಲ್ಲಿಯೂ ಹಾಗೆಯೇ. ಎದುರಿನವನ ಕತ್ತಿ ಬಂದು ತಾಗುವ ಗಳಿಗೆಗೆ ಸರಿಯಾಗಿ ತಡೆದರೆ ಅವನ ಸಮತೋಲವೇ ಕೆಡುತ್ತ ಹೋಗುತ್ತದೆ, ಅದಕ್ಕಾಗಿ ಪ್ರತ್ಯೇಕ ಪಟ್ಟಿಯೇ ಇದೆ. ಆ ಪಟ್ಟಿ ತುಂಬಿದರೆ ಅವನ ಜೀವ ಎಷ್ಟೇ ಉಳಿದಿರಲಿ, ಒಂದೇ ಇರಿತಕ್ಕೆ ಕಥೆ ಮುಗಿಯುತ್ತದೆ. ಹೆದರಿಕೊಂಡು ತಡೆಯುವ ಬಟನ್ನನ್ನು ಪಟಪಟನೆ ಒತ್ತಿದರೆ ಸರಿಯಾದ ಗಳಿಗೆಯ ಅವಧಿಯೇ ಕಿರಿದಾಗುತ್ತದೆ. ಅಂದರೆ ಗಾಬರಿಗೂ ಆಟವೇ ದಂಡ ಹಾಕುತ್ತದೆ. ರಕ್ಷಣೆಯನ್ನೇ ದಾಳಿಯನ್ನಾಗಿ ಮಾಡಿದ್ದರಿಂದ, ಸುಮ್ಮನೆ ಕಾಯುತ್ತ ನಿಲ್ಲುವ ಬೇಸರ ಆ ಆಟದಲ್ಲಿ ಇಲ್ಲ.

ರೂಪಾಯಿಬಿಲ್ಲೆ (ಕಲಬುರಗಿ):

ಕೋಲಾಟದ ಮಾತು ಬಹಳ ಸೊಗಸಾಗಿದೆ ತಂಗಿ. ಮಗ ತೋರಿಸಿದ ಹಳೆಯ ವಿಡಿಯೋ ಒಂದು ನೆನಪಾಯಿತು, ಸ್ಟ್ರೀಟ್ ಫೈಟರ್ ಪಂದ್ಯದ್ದು. ಒಬ್ಬ ಸೋಲುವ ಅಂಚಿನಲ್ಲಿದ್ದು, ಮುಂದೊತ್ತಿ ಮುಂದೊತ್ತಿ ಎಲ್ಲ ಏಟನ್ನೂ ತಡೆಯುತ್ತಾನೆ.

ಬಿದರಿಕಪ್ಪು (ಬೀದರ್):

ಅದು 2004ರ ಇವೋ ಪಂದ್ಯಾವಳಿ, ಆಟ ಸ್ಟ್ರೀಟ್ ಫೈಟರ್ III: ಥರ್ಡ್ ಸ್ಟ್ರೈಕ್. ಜಪಾನಿನ ದೈಗೊ ಉಮೆಹರಾ ಕೆನ್ ಪಾತ್ರದಲ್ಲಿ, ಅಮೆರಿಕದ ಜಸ್ಟಿನ್ ವಾಂಗ್ ಚುನ್‌ಲಿ ಪಾತ್ರದಲ್ಲಿ. ಕೆನ್‌ಗೆ ಕೂದಲೆಳೆಯಷ್ಟು ಜೀವ ಉಳಿದಿತ್ತು. ಚುನ್‌ಲಿಯ ಹದಿನೈದು ಏಟುಗಳ ವಿಶೇಷ ದಾಳಿಯನ್ನು ಸಾಮಾನ್ಯ ರೀತಿಯಲ್ಲಿ ತಡೆದಿದ್ದರೆ, ತಡೆದಾಗಲೂ ಸೋರುವ ಸಣ್ಣ ಪೆಟ್ಟಿಗೇ ಅವನು ಸೋಲುತ್ತಿದ್ದ. ಉಳಿದಿದ್ದ ದಾರಿ ಪ್ಯಾರಿ ಒಂದೇ, ಅಂದರೆ ಒಂದಿಷ್ಟೂ ಪೆಟ್ಟು ಸೋರದಂತೆ ಏಟನ್ನು ತಳ್ಳಿಹಾಕುವುದು. ಆ ಆಟದಲ್ಲಿ ಪ್ಯಾರಿ ಮಾಡಲು ಏಟು ತಾಗುವ ಗಳಿಗೆಯಲ್ಲಿ ಜಾಯ್‌ಸ್ಟಿಕ್ಕನ್ನು ಎದುರಾಳಿಯ ಕಡೆಗೇ ತಳ್ಳಬೇಕು, ಹಿಂದಕ್ಕಲ್ಲ. ಅವನು ಹದಿನೈದನ್ನೂ ಪ್ಯಾರಿ ಮಾಡಿ ತಿರುಗಿ ಹೊಡೆದು ಗೆದ್ದ. ಇಪ್ಪತ್ತು ವರ್ಷವಾದರೂ ಜನ ಅದನ್ನು ನೋಡುತ್ತಾರೆ, ಏಕೆಂದರೆ ಆಟದ ಒಳಸೂಕ್ಷ್ಮ ತಿಳಿಯದವರಿಗೂ ಅಪಾಯ ಎಷ್ಟಿತ್ತೆಂಬುದು ಕಾಣುತ್ತದೆ.

ಇದೇ ಮಾತಿಗೆ ಇನ್ನೆರಡು ಉದಾಹರಣೆಗಳನ್ನು ಸೇರಿಸುತ್ತೇನೆ, ಏಕೆಂದರೆ ಹಿಂಜರಿಯುವ ಆಟಗಾರನನ್ನು ಮುಂದಕ್ಕೆ ಎಳೆಯುವುದು ಹೇಗೆಂಬುದೇ ಕಾಳಗ ಕಟ್ಟುವವರ ದೊಡ್ಡ ತಲೆನೋವು. 2015ರ ಬ್ಲಡ್‌ಬೋರ್ನ್‌ನಲ್ಲಿ ಏಟು ತಿಂದ ಕೂಡಲೇ ತಿರುಗಿ ಹೊಡೆದರೆ ಕಳೆದ ಜೀವದಲ್ಲಿ ಒಂದು ಪಾಲು ಮರಳುತ್ತದೆ. ತಡ ಮಾಡಿದರೆ ಹೋಯಿತು. 2016ರ ಡೂಮ್‌ನಲ್ಲಿ ತತ್ತರಿಸಿದ ಶತ್ರುವಿನ ಹತ್ತಿರಕ್ಕೇ ಹೋಗಿ ಕೈಯಾರೆ ಮುಗಿಸಿದರೆ ಜೀವ ಸಿಗುತ್ತದೆ. ಸಾಮಾನ್ಯವಾಗಿ ಜೀವ ಕಡಿಮೆಯಾದವನು ಕಂಬದ ಹಿಂದೆ ಅಡಗುತ್ತಾನೆ, ಇಲ್ಲಿ ಜೀವ ಬೇಕಾದವನು ಗುಂಪಿನ ನಡುವೆ ನುಗ್ಗಬೇಕು. ಔಷಧಿಯ ಅಂಗಡಿಯನ್ನು ಶತ್ರುವಿನ ಜೇಬಿನಲ್ಲಿ ಇಟ್ಟಂತೆ.

ಕೋಟೆಬಾಗಿಲು (ಕಲಬುರಗಿ):

ಮೂರು ದಿನ ಕೂತು ಬದಲಾಯಿಸಿದೆ. ನಾಯಕನ ತಯಾರಿ ಈಗ 5 ಫ್ರೇಮ್, ಶತ್ರುವಿನದು 30. ಶತ್ರುಗಳಿಗೆ ಕಪ್ಪು ತುಂಬಿ ನೋಡಿದಾಗ ಸುರಪುರದವಳು ಅಕ್ಕನವರ ಮಾತು ನಿಜವೆಂದು ಗೊತ್ತಾಯಿತು. ಭರ್ಜಿ ಹಿಡಿದವನ ಚುಚ್ಚುವ ಭಂಗಿಯೂ ಬೀಸುವ ಭಂಗಿಯೂ ಒಂದೇ ಥರ ಇದ್ದವು. ಎರಡನ್ನೂ ಮತ್ತೆ ಬರೆದಿದ್ದೇನೆ. ನಾಲ್ಕು ಆಯುಧಗಳಲ್ಲಿ ಎರಡನ್ನು ತೆಗೆದೆ.

ಆದರೆ ಎರಡು ತೊಂದರೆಗಳು ಉಳಿದಿವೆ. ಮೂವರು ಶತ್ರುಗಳು ಒಟ್ಟಿಗೆ ಬಂದರೆ ಮತ್ತೆ ಗೊಂದಲ. ಎರಡನೆಯದಾಗಿ, ಮನೆಯ ದೊಡ್ಡ ಟಿವಿಗೆ ಜೋಡಿಸಿದರೆ 5 ಫ್ರೇಮಿನ ಹೊಡೆತವೂ ಎಮ್ಮೆ ಎದ್ದಂತೆ ಏಳುತ್ತದೆ. ಕಠಿಣ ಹಂತ ಬೇಕೆಂದು ಕೇಳಿದವರಿಗಾಗಿ ಶತ್ರುವಿನ ಜೀವವನ್ನು ಮೂರು ಪಟ್ಟು ಮಾಡಿದ್ದೇನೆ, ಅದೂ ಸರಿಬರಲಿಲ್ಲ.

ಸುರಪುರದವಳು (ಯಾದಗಿರಿ ಜಿಲ್ಲೆ):

ಜೀವ ಮೂರು ಪಟ್ಟಾದರೆ ತೊಗರಿ ಚೀಲಕ್ಕೆ ಬಡಿದಂತೆ ಆಗುತ್ತದೆ. ಕೇಳುವ ಪ್ರಶ್ನೆ ಅದೇ, ಮೂರು ಸಲ ಉತ್ತರಿಸಬೇಕು, ಅಷ್ಟೇ. ಕಠಿಣ ಹಂತದಲ್ಲಿ ಪ್ರಶ್ನೆಯನ್ನೇ ಬದಲಿಸಿ: ಕೈ ಎತ್ತಿದವನು ಒಮ್ಮೆ ಕೂಡಲೇ ಹೊಡೆಯಲಿ, ಒಮ್ಮೆ ತಡೆದು ಹೊಡೆಯಲಿ. ಸುಲಭ ಹಂತ ಬೇಕಾದವರಿಗೆ ತಯಾರಿಯನ್ನು 40 ಫ್ರೇಮ್ ಮಾಡಿ. ನನ್ನ ಅಜ್ಜಿಯೂ ಆಡಬಹುದು, ಕಾಳಗವೂ ಕಾಳಗವಾಗಿಯೇ ಉಳಿಯುತ್ತದೆ.

ಭೀಮಾತೀರ (ಯಾದಗಿರಿ):

ಅಜ್ಜಿಯ ಜೊತೆಗೆ ನನ್ನನ್ನೂ ಸೇರಿಸಿ.

ಬಿದರಿಕಪ್ಪು (ಬೀದರ್):

ಮೂವರ ಗೊಂದಲಕ್ಕೆ ಪರಿಹಾರ ನ್ಯಾಯಬೆಲೆ ಅಂಗಡಿಯಲ್ಲಿದೆ: ಚೀಟಿ ಇದ್ದವನಿಗೆ ಮಾತ್ರ ಸರದಿ. ದಾಳಿಯ ಚೀಟಿ ಒಂದೋ ಎರಡೋ ಇರಲಿ. ಅದು ಸಿಕ್ಕ ಶತ್ರು ಮಾತ್ರ ಹೊಡೆಯಲಿ, ಉಳಿದವರು ಸುತ್ತ ಸುಳಿದಾಡುತ್ತ ಹೆದರಿಸಲಿ. ಹೊಡೆದಾದ ಮೇಲೆ ಚೀಟಿ ಇನ್ನೊಬ್ಬನ ಕೈಗೆ. ದೊಡ್ಡ ಆಟಗಳಲ್ಲಿಯೂ ಇದೇ ಉಪಾಯ ಇದೆ. ಚೆನ್ನಾಗಿ ಮಾಡಿದ್ದರೆ ಆಟಗಾರನಿಗೆ ಸರದಿ ಇದೆಯೆಂದು ತಿಳಿಯುವುದೇ ಇಲ್ಲ. ಬೆನ್ನ ಹಿಂದಿನವನ ಸೂಚನೆಯೂ ಬೇಕು. 2009ರ ಬ್ಯಾಟ್‌ಮನ್: ಅರ್ಕಮ್ ಅಸೈಲಮ್‌ನಲ್ಲಿ ಹೊಡೆಯಲು ಬರುವವನ ತಲೆಯ ಮೇಲೆ ಗುರುತು ಮೂಡುತ್ತದೆ. 2018ರ ಗಾಡ್ ಆಫ್ ವಾರ್‌ನಲ್ಲಿ ಕ್ಯಾಮೆರಾ ಹೆಗಲಿಗೆ ಅಂಟಿಕೊಂಡೇ ಇರುವುದರಿಂದ, ಹಿಂದಿನ ಶತ್ರುವನ್ನು ನಾಯಕನ ಸುತ್ತ ಮೂಡುವ ಬಾಣದ ಗುರುತೂ ಮಗನ ಕೂಗೂ ತಿಳಿಸುತ್ತವೆ. ನಿಮ್ಮ ಆಟದಲ್ಲಿ ಹಲಗಿ ಇದೆಯಲ್ಲ? ಹಿಂದಿನವನು ಕೈ ಎತ್ತಿದಾಗ ಅದೇ ಒಂದು ಬೇರೆ ಪೆಟ್ಟು ಕೊಡಲಿ.

ಟಿವಿಯ ಸಮಸ್ಯೆ ನಿಮ್ಮ ಆಟದ್ದಲ್ಲ. ಚಿತ್ರವನ್ನು ಚೆಂದಗೊಳಿಸಲು ಟಿವಿ ಒಳಗೊಳಗೇ ಸಮಯ ತೆಗೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಮೊಬೈಲಿನ ಸೆಕೆಂಡಿಗೆ 240 ಫ್ರೇಮಿನ ನಿಧಾನ ವಿಡಿಯೋದಲ್ಲಿ ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಸೆರೆಹಿಡಿದು ಎಣಿಸಿದೆ. ಬೆರಳು ಒತ್ತಿದಲ್ಲಿಂದ ನಾಯಕ ಕದಲುವವರೆಗೆ 36 ಫ್ರೇಮ್, ಅಂದರೆ 150 ಮಿಲಿಸೆಕೆಂಡ್. ಸೆಟ್ಟಿಂಗ್ಸ್‌ನಲ್ಲಿ, ಚಿತ್ರವನ್ನು ಚೆಂದಗೊಳಿಸುವ ಈ ಕೆಲಸವನ್ನು ಕಡಿಮೆ ಮಾಡುವ ಗೇಮ್ ಮೋಡ್ ಹಾಕಿದ ಮೇಲೆ 17 ಫ್ರೇಮ್, ಸುಮಾರು 71. ನೀವು ಏಳು ತಿಂಗಳು ಕಟ್ಟಿದ್ದನ್ನು ಟಿವಿಯ ಒಂದು ಸ್ವಿಚ್ ಹಾಳು ಮಾಡಬಲ್ಲದು. ಆಟದ ಮೊದಲ ಪುಟದಲ್ಲೇ ಈ ಮಾತನ್ನು ಬರೆದುಬಿಡಿ.

ರೂಪಾಯಿಬಿಲ್ಲೆ (ಕಲಬುರಗಿ):

ಸದ್ದು ಎಲ್ಲಿಂದ ತಂದೆ ತಮ್ಮಾ?

ಕೋಟೆಬಾಗಿಲು (ಕಲಬುರಗಿ):

ಇಂಟರ್‌ನೆಟ್ಟಿನಲ್ಲಿ ಸಿಕ್ಕ ಉಚಿತ ಸದ್ದುಗಳನ್ನು ಹಾಕಿದ್ದೆ ಕಾಕಾ, ಎಲ್ಲವೂ ತಟ್ಟೆ ಬಿದ್ದಂತೆ ಕೇಳಿಸುತ್ತಿದ್ದವು. ಊರಿಗೆ ಹೋದಾಗ ಹೊಲದಲ್ಲಿ ಒಣಗಿದ ಜೋಳದ ದಂಟನ್ನು ಮೈಕಿನ ಹತ್ತಿರ ಹಿಡಿದು ಮುರಿದೆ, ಒದ್ದೆ ಗೋಣಿಯ ಮೇಲೆ ಬಡಿಗೆಯಿಂದ ಬಡಿದೆ. ಎರಡನ್ನೂ ಒಂದರ ಮೇಲೊಂದು ಸೇರಿಸಿದಾಗ ಮೊದಲ ಬಾರಿಗೆ ಏಟು ಮೈಗೆ ಬಿದ್ದಂತೆ ಕೇಳಿಸಿತು. ಅಮ್ಮ ಅಡುಗೆಮನೆಯಿಂದ ಬಂದು ಏನು ಮುರಿಯಿತೆಂದು ಕೇಳಿದರು.

ಹೊಸ ಆವೃತ್ತಿಯನ್ನು ನಿಮಗೆಲ್ಲ ಕಳಿಸಿದ್ದೇನೆ. ಗೇಮ್ ಮೋಡ್ ಹಾಕಿ ಅದೇ ಗೆಳೆಯನಿಗೂ ಆಡಿಸಿದೆ. ಭರ್ಜಿಯವನ ಕೈಯಲ್ಲಿ ಆರು ಸಲ ಸತ್ತ. ಏಳನೆಯ ಸಲ ಸಾಯುವ ಮುನ್ನವೇ "ಛೇ, ನಾನೇ ಲಗೂ ಹೊಡದೆ" ಎಂದ. ಆಟವನ್ನು ಬೈಯಲಿಲ್ಲ.

ಸುರಪುರದವಳು (ಯಾದಗಿರಿ ಜಿಲ್ಲೆ):

ಆಡಿದೆ. ಭರ್ಜಿಯವನು ಚೆನ್ನಾಗಿದ್ದಾನೆ, ಗುರಾಣಿಯವನಿಗೆ ಇನ್ನೂ ಕೆಲಸವಿಲ್ಲ. ಒಂದು ದೋಷವೂ ಕಂಡಿತು: ಏಟು ತಾಗಿದಾಗ ಹಿಟ್‌ಸ್ಟಾಪಿನ ಆ ಐದು ಫ್ರೇಮ್ ಹಲಗಿಯ ಸದ್ದೂ ನಿಂತುಹೋಗುತ್ತದೆ. ಸಾಲಾಗಿ ನಾಲ್ಕು ಏಟು ಕೊಟ್ಟರೆ ತಾಳ ಕುಂಟುತ್ತದೆ.

ಕೋಟೆಬಾಗಿಲು (ಕಲಬುರಗಿ):

ಹೌದು ಅಕ್ಕಾ, ಇಬ್ಬರನ್ನು ಮಾತ್ರ ನಿಲ್ಲಿಸುವ ಬದಲು ಇಡೀ ಆಟವನ್ನೇ ತಡೆಯುತ್ತಿದ್ದೆ, ಅದರೊಡನೆ ಸಂಗೀತವೂ ನಿಲ್ಲುತ್ತಿತ್ತು. ಈಗ ಹೊಡೆದವನ ಮತ್ತು ತಿಂದವನ ಅನಿಮೇಷನ್ ಮಾತ್ರ ನಿಲ್ಲುತ್ತದೆ, ಹಲಗಿ ನಡೆಯುತ್ತಲೇ ಇರುತ್ತದೆ. ಸರಿಪಡಿಸಿದ ಫೈಲನ್ನು ರಾತ್ರಿ ಕರೆಂಟ್ ಬಂದ ಮೇಲೆ ಕಳಿಸುತ್ತೇನೆ.